ಅಂಗಸಾಧನೆಯೂ ಸಿ ಜೀವಸತ್ವವೂ

ಕಪಿಲಾ ನದಿಯು ನಂಜನಗೂಡನ್ನು ಹಾಯ್ದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಸೀಮೆಯಲ್ಲಿ ಮಲ್ಲವಿದ್ಯೆಗೆ ಮನ್ನಣೆಯುಂಟು. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ಇಂದಿಗೂ ಕುಸ್ತಿ ಪಂದ್ಯಗಳು ನಡೆಯುತ್ತವೆ. ಮಲ್ಲನು ಏನನ್ನು ಉಣ್ಣಬೇಕೆಂಬ ವಿಚಾರವೂ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲರ ಸಾಧನೆಯೊಡನೆ ಅವರ ಆಹಾರವನ್ನೂ ಹೇಳುತ್ತದೆ. ಇಂದು ಆ ಆಹಾರದ ಸಾಲಿಗೆ ಸಿ ಜೀವಸತ್ವದ ಮಾತ್ರೆಯೂ ಸೇರಿದೆ. ಸಾಮು ಮಾಡುವವನಿಗೆ ಅದು ಹಿತವೆ? ಈ ನಂಬಿಕೆಯು ಬೆಳೆದುಬಂದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಸೆಂಟ್-ಗ್ಯೋರ್ಗಿ ಎಂಬ ಹಂಗೆರಿಯ ವಿಜ್ಞಾನಿಯು 1928ರಲ್ಲಿ ಪ್ರತ್ಯೇಕಿಸಿದ ಆಮ್ಲವೇ ಸಿ ಜೀವಸತ್ವವೆಂದು ಮುಂದೆ ಸಿದ್ಧವಾಯಿತು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1970ರಲ್ಲಿ ಲೈನಸ್ ಪೌಲಿಂಗರ ಗ್ರಂಥವು ಅಧಿಕ ಪ್ರಮಾಣದ ಸೇವನೆಗೆ ಪ್ರಚಾರವನ್ನು ತಂದಿತು. ದಣಿಯುವವರೆಗೆ ಓಡಿಸಿದ ಇಲಿಗಳ ಸ್ನಾಯುಗಳಲ್ಲಿ ಮುಕ್ತ ರ‍್ಯಾಡಿಕಲ್‌ಗಳು ಹೆಚ್ಚುತ್ತವೆಂದು 1982ರಲ್ಲಿ ಕೆಲ್ವಿನ್ ಡೇವಿಸ್ ಮೊದಲಾದವರು ತೋರಿಸಿದರು. ಇವು ಜೀವಕೋಶಗಳ ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸಬಲ್ಲ ಚುರುಕಾದ ಕಣಗಳು. ಇವುಗಳ ಹೆಚ್ಚಳದಿಂದ ಆಗುವ ಬಾಧೆಯನ್ನೇ ಉತ್ಕರ್ಷಣದ ಒತ್ತಡವೆನ್ನುತ್ತಾರೆ. ಸಿ ಜೀವಸತ್ವವು ಈ ಕಣಗಳನ್ನು ಶಮನಗೊಳಿಸುತ್ತದೆ. ಆದುದರಿಂದ ಮಾತ್ರೆಯು ಸ್ನಾಯುವನ್ನು ಕಾಯುತ್ತದೆಂದು ಅನೇಕರು ಊಹಿಸಿದರು.

ಊಹೆಯ ಒಂದೊಂದು ಹೆಜ್ಜೆಯೂ ಸರಿಯಾಗಿಯೇ ತೋರುತ್ತಿತ್ತು. ಆದರೆ ಪ್ರಯೋಗವು ಬೇರೊಂದನ್ನು ನುಡಿಯಿತು. ದಿನಕ್ಕೆ ಒಂದು ಗ್ರಾಂ ಸಿ ಜೀವಸತ್ವವು ಸಾಧನೆಯ ಫಲವಾದ ಕೆಲವು ಬದಲಾವಣೆಗಳನ್ನು ಕುಗ್ಗಿಸಿತೆಂದು 2008ರಲ್ಲಿ ಸ್ಪೇನಿನ ಸಂಶೋಧಕರು ವರದಿ ಮಾಡಿದರು. ಸಿ ಮತ್ತು ಇ ಜೀವಸತ್ವಗಳನ್ನು ಕೂಡಿಸಿ ಕೊಟ್ಟಾಗ ವ್ಯಾಯಾಮದಿಂದ ಇನ್ಸುಲಿನ್ನಿನ ಕಾರ್ಯದಲ್ಲಿ ಆಗಬೇಕಾದ ಸುಧಾರಣೆಯು ತಡೆಯಲ್ಪಟ್ಟಿತೆಂದು 2009ರಲ್ಲಿ ಜರ್ಮನಿಯ ರಿಸ್ಟೋ ಮತ್ತು ಸಂಗಡಿಗರು ಕಂಡರು. 2014ರ ನಾರ್ವೆಯ ಪ್ರಯೋಗದಲ್ಲಿ ಸ್ನಾಯುಕೋಶದ ಮೈಟೊಕಾಂಡ್ರಿಯಗಳ ವೃದ್ಧಿಯ ಗುರುತುಗಳು ಕುಗ್ಗಿದವು. ಆದರೆ ದೇಹದ ಆಮ್ಲಜನಕ ಬಳಕೆಯ ಗರಿಷ್ಠ ಶಕ್ತಿಯು ಎರಡು ಗುಂಪುಗಳಲ್ಲಿಯೂ ಸಮನಾಗಿಯೇ ಹೆಚ್ಚಿತು. ಆದುದರಿಂದ ಮಾತ್ರೆಯು ಸಾಧನೆಯನ್ನೆಲ್ಲ ಹಾಳುಮಾಡುವುದೆಂದೂ ಹೇಳಲಾಗದು.

ಇದರ ಕಾರಣವೇನು? ಮುಕ್ತ ರ‍್ಯಾಡಿಕಲ್‌ಗಳು ಶತ್ರುಗಳು ಮಾತ್ರವಲ್ಲ, ದೂತರೂ ಹೌದು. ಸಾಮಿನಿಂದ ಹುಟ್ಟುವ ಮಿತವಾದ ಒತ್ತಡವೇ ದೇಹವು ತನ್ನ ರಕ್ಷಕ ಕಿಣ್ವಗಳನ್ನೂ ಮೈಟೊಕಾಂಡ್ರಿಯಗಳನ್ನೂ ಹೆಚ್ಚಿಸಿಕೊಳ್ಳಲು ಸೂಚನೆಯಾಗುತ್ತದೆ. ದೂತನ ಬಾಯನ್ನು ಕಟ್ಟಿದರೆ ಸುದ್ದಿಯು ತಲುಪುವುದಿಲ್ಲ.

ಹಾಗೆಂದು ಜೀವಸತ್ವವನ್ನು ತೊರೆಯಬೇಕಾಗಿಲ್ಲ. ಮ್ಯಾರಥಾನ್ ಓಟಗಾರರು, ಹಿಮದ ಮೇಲೆ ಜಾರುವ ಕ್ರೀಡಾಳುಗಳು, ತೀವ್ರ ಚಳಿಯಲ್ಲಿ ಕವಾಯತು ಮಾಡುವ ಯೋಧರು—ಇವರಲ್ಲಿ ನಡೆದ 5 ಪ್ರಯೋಗಗಳಲ್ಲಿ ಅದು ನೆಗಡಿಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಕೊರತೆಯುಳ್ಳವರಿಗಂತೂ ಅದು ಅತ್ಯಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2020ರ ಸೂಚನೆಯಂತೆ ವಯಸ್ಕ ಪುರುಷನಿಗೆ ದಿನಕ್ಕೆ 80 ಮಿಲಿಗ್ರಾಂ, ಸ್ತ್ರೀಗೆ 65 ಮಿಲಿಗ್ರಾಂ ಸಾಕು. ನಂಜನಗೂಡಿನ ರಸಬಾಳೆಯು ಪ್ರಸಿದ್ಧವಾದರೂ ಬಾಳೆಯಲ್ಲಿ ಈ ಜೀವಸತ್ವವು ಅಲ್ಪವೇ. ಸೀಬೆಹಣ್ಣಿನಲ್ಲಾದರೋ 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಮಿಕ್ಕಿರುತ್ತದೆ. ನೆಲ್ಲಿಯೂ ಅದಕ್ಕೆ ಸಾಟಿ.

ಗರಡಿಯ ತರುಣನು ಮಾತ್ರೆಗೆ ತೆರುವ ಹಣವನ್ನು ಹಾಲಿಗೂ ಬೇಳೆಗೂ ಹಣ್ಣಿಗೂ ವಿನಿಯೋಗಿಸಿದರೆ ಲಾಭವು ಹೆಚ್ಚು. ತರ್ಕಕ್ಕೆ ಒಪ್ಪಿದ ಮಾತೆಲ್ಲವೂ ಸತ್ಯವಲ್ಲ, ಪ್ರಮಾಣಕ್ಕೆ ನಿಂತುದೇ ಸತ್ಯವೆಂಬ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಇದರಿಂದ ಗ್ರಹಿಸಬಹುದು.