ಕಿಡ್ನಿ ಕಲಿಸಿದ ಲೆಕ್ಕ

ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಸೋಂಕಿತರಲ್ಲಿ ಹೆಚ್ಚಿನವರಿಗೆ ಈಗ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೋಲುಟೆಗ್ರಾವಿರ್ ಮೂರೂ ಅದರೊಳಗಿವೆ. ಅದನ್ನು ಬರೆಯುವ ಮುನ್ನ ವೈದ್ಯರು ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುವುದು ಮುಖ್ಯವಾಗಿ ಟೆನೊಫೊವಿರ್‌ಗಾಗಿ.

ಪ್ರಾಗ್‌ನ ರಸಾಯನ ವಿಜ್ಞಾನಿ ಆಂಟೊನಿನ್ ಹೋಲಿ, ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್ 1980ರ ದಶಕದಲ್ಲಿ ಜೊತೆಗೂಡಿ ಕಂಡುಕೊಂಡ ಔಷಧ ವಂಶದ ಕುಡಿ ಇದು. ಇದರ ಅಣ್ಣ ಅಡೆಫೊವಿರ್. ಎಚ್‌ಐವಿಗೆಂದು ದಿನಕ್ಕೆ 120 ಮಿಲಿಗ್ರಾಂ ಕೊಟ್ಟು ನೋಡಿದಾಗ ಹಲವರ ಕಿಡ್ನಿಗೇ ಪೆಟ್ಟು ಬಿತ್ತು. 1999ರಲ್ಲಿ ಅಮೆರಿಕದ ತಜ್ಞರ ಸಮಿತಿ ಬೇಡವೆಂದಿತು. ಅದೇ ಔಷಧ ಬರೀ 10 ಮಿಲಿಗ್ರಾಂ ಆಗಿ 2002ರಲ್ಲಿ ಹೆಪಟೈಟಿಸ್ ಬಿ ಚಿಕಿತ್ಸೆಗೆ ಬಂತು.

ಟೆನೊಫೊವಿರ್‌ಗೆ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಬಹುಪಾಲು ಜನರಿಗೆ ಅದು ಒಗ್ಗುತ್ತದೆ. ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಅಲ್ಲಿನ ಸೂಕ್ಷ್ಮ ನಾಳಗಳ ಜೀವಕೋಶಗಳು ಅದನ್ನು ರಕ್ತದಿಂದ ಒಳಗೆಳೆದುಕೊಳ್ಳುತ್ತವೆ. ಅಲ್ಲಿ ಹೆಚ್ಚು ಉಳಿದರೆ ಆ ಕೋಶಗಳೇ ಸೊರಗುತ್ತವೆ.

ಕ್ರಿಯಾಟಿನಿನ್ ವರದಿಯನ್ನಷ್ಟೇ ನಂಬುವಂತಿಲ್ಲ. 65 ವರ್ಷದ, 45 ಕಿಲೊ ತೂಕದ ಹೆಂಗಸಿಗೆ ಅದು 1.1 ಬಂದರೆ ನೋಡಿದವರು ನಾರ್ಮಲ್ ಎನ್ನುತ್ತಾರೆ. ವಯಸ್ಸು, ತೂಕ ಸೇರಿಸಿ 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಂತೆ ಲೆಕ್ಕ ಹಾಕಿ: ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 36 ಮಿಲಿಲೀಟರ್. 50ಕ್ಕಿಂತ ಕಡಿಮೆಯಿದ್ದರೆ ದಿನಾ 300 ಮಿಲಿಗ್ರಾಂ ಟೆನೊಫೊವಿರ್ ಸಲ್ಲದು. ಮೂರೂ ಒಂದೇ ಮಾತ್ರೆಯಲ್ಲಿರುವುದರಿಂದ ಒಂದನ್ನಷ್ಟೇ ತಗ್ಗಿಸಲೂ ಆಗದು. ಆಗ ಅಬಕಾವಿರ್‌ನಂಥ ಬೇರೆ ಔಷಧಕ್ಕೆ ಹೊರಳಬೇಕು. ಡೋಲುಟೆಗ್ರಾವಿರ್ ಶುರುವಾದ ಮೇಲೆ ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ತುಸು ಏರುತ್ತದೆ ಎಂಬುದೂ ವೈದ್ಯರಿಗೆ ನೆನಪಿರಬೇಕು.

2015ರಲ್ಲಿ ಟೆನೊಫೊವಿರ್‌ನ ಹೊಸ ರೂಪ, ಟಿಎಎಫ್, ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದು ರಕ್ತದಲ್ಲಿ ಅಲೆಯುವುದು ಕಡಿಮೆ, ವೈರಸ್ ಇರುವ ಜೀವಕೋಶದೊಳಗೆ ಸೇರುವುದು ಹೆಚ್ಚು. ಹಾಗಾಗಿ 300ರ ಕೆಲಸವನ್ನು 25 ಮಿಲಿಗ್ರಾಂ ಮಾಡುತ್ತದೆ. ಸೋಸುವ ಪ್ರಮಾಣ 30ರವರೆಗೆ ಇಳಿದವರಿಗೂ ಕೊಡಬಹುದು. ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ: ಪ್ರಮಾಣ ತಗ್ಗಿಸಿದ್ದರಿಂದಲೇ ಔಷಧ ಹೆಚ್ಚು ಜನರಿಗೆ ದಕ್ಕಿತು.

ಲಿವರ್‌ನ ಕಥೆ ತಿರುವುಮುರುವು. ಎಚ್‌ಐವಿಯ ಜೊತೆ ಹೆಪಟೈಟಿಸ್ ಬಿ ಕೂಡ ಇರುವವರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಎರಡು ವೈರಸ್‌ಗಳನ್ನೂ ಹಿಡಿದಿಡುತ್ತವೆ. ಥಟ್ಟನೆ ನಿಲ್ಲಿಸಿದರೆ ಲಿವರ್ ಉರಿಯೂತ ಮತ್ತೆ ಭುಗಿಲೇಳಬಹುದು, ಜೀವಕ್ಕೂ ಕುತ್ತಾಗಬಹುದು. ಆದ್ದರಿಂದ ಕಿಡ್ನಿ, ಲಿವರ್ ಏನೇ ತೊಂದರೆಯೆಂದರೂ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ವರದಿ ಹಿಡಿದು ಎಆರ್‌ಟಿ ಕೇಂದ್ರಕ್ಕೆ ಹೋಗಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿ.