ಕಿಕ್ಕಿನ ವೇಗ ನಿಂತ ಕಾಲಲ್ಲಿ ಉಂಟು

ಬೆಳಗ್ಗೆ ಮದ್ರಸ, ಮತ್ತೆ ಶಾಲೆ, ಸಂಜೆ ಟ್ಯೂಷನ್. ಇದರ ನಡುವೆ ವಾರಕ್ಕೆ ಎರಡು ದಿನ ಕರಾಟೆ ಕ್ಲಾಸ್. ಈಗ ನಮ್ಮ ಎಷ್ಟೋ ಮನೆಗಳ ಮಕ್ಕಳ ಟೈಮ್‌ಟೇಬಲ್ ಹೀಗೇ. ಬಿಳಿ ಬೆಲ್ಟ್ ಹಳದಿಯಾಗುವವರೆಗೆ ಎಲ್ಲವೂ ಚಂದ. ಆಮೇಲೆ ಒಂದು ದಿನ ಮಗು ಬಂದು ಹೇಳುತ್ತದೆ, "ಉಮ್ಮಾ, ನನ್ನ ಕಿಕ್ ಸ್ಲೋ ಅಂತೆ." ಅಲ್ಲಿಂದ ಮನೆಯಲ್ಲಿ ಪ್ರಯೋಗ ಶುರು. ಕಾಲಿಗೆ ತೂಕ ಕಟ್ಟಿ ಒದೆಯುವುದು, ಮೊಬೈಲ್ ನೋಡಿಕೊಂಡು ಕಾಲು ಅಗಲಿಸುವುದು, ಹಿಂದಿನಿಂದ ಯಾರಾದರೂ ಬೆನ್ನು ಅದುಮುವುದು. ಕೊನೆಗೆ ಮಂಡಿನೋವು, ಕ್ಲಾಸ್ ಬಂದ್.

ಹೆಚ್ಚು ತಕರಾರು ಬರುವುದು ಪಕ್ಕದಿಂದ ತಿರುಗಿಸಿ ಹೊಡೆಯುವ ಕಿಕ್ಕಿನಲ್ಲಿ. ಕರಾಟೆಯವರು ಮವಾಶಿ ಗೆರಿ ಅನ್ನುತ್ತಾರೆ, ಟೇಕ್ವಾಂಡೋದವರು ಡೋಲ್ಯೋ ಚಾಗಿ. ಕರಾಟೆ ಪಂದ್ಯದಲ್ಲಿ ಪಂಚಿಗೆ 1 ಅಂಕ, ಮೈಗೆ ಕಿಕ್ ಬಿದ್ದರೆ 2, ತಲೆಯ ಮಟ್ಟದ ಕಿಕ್ಕಿಗೆ 3. ಹಾಗಾಗಿ ಮಕ್ಕಳ ಕಣ್ಣೆಲ್ಲ ಎತ್ತರದ ಮೇಲೆ, ಮೇಲೆ ಹೋಗುವ ಕಾಲಿನ ಮೇಲೆ. ನಾವು ನೋಡಬೇಕಾದದ್ದು ಕೆಳಗೆ ನಿಂತ ಕಾಲನ್ನು.

ಕಿಕ್ ಕೆಲಸ ಮಾಡುವುದು ಚಾಟಿಯ ಹಾಗೆ. ಮೊದಲು ಮಂಡಿ ಮಡಚಿ ಮೇಲೆ ಬರಬೇಕು. ಆಗ ನಿಂತ ಕಾಲಿನ ಹಿಮ್ಮಡಿ ಸ್ವಲ್ಪ ಎದ್ದು, ಪಾದ ಬೆರಳ ಬುಡದ ಮೇಲೆ ತಿರುಗಿ, ಹಿಮ್ಮಡಿ ಹೆಚ್ಚುಕಡಿಮೆ ಎದುರಾಳಿಯ ಕಡೆಗೆ ಬರಬೇಕು. ಪಾದ ತಿರುಗಿದರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ತೊಡೆ ಬರುತ್ತದೆ, ಕೊನೆಗೆ ಮೊಣಕಾಲ ಕೆಳಗಿನ ಭಾಗ ಚಿಮ್ಮುತ್ತದೆ. ವೇಗ ಹುಟ್ಟುವುದು ಈ ಸರಣಿಯಲ್ಲಿ. ಪಾದ ನೆಲಕ್ಕೆ ಅಂಟಿಕೊಂಡೇ ಇದ್ದರೆ ಸೊಂಟಕ್ಕೆ ದಾರಿ ಇಲ್ಲ. ಆ ತಿರುವೆಲ್ಲ ನಿಂತ ಕಾಲಿನ ಮಂಡಿಯ ಮೇಲೆ ಬೀಳುತ್ತದೆ. ಅಂದರೆ ಕಿಕ್ ನಿಧಾನ ಆಗುವುದಕ್ಕೂ ಮಂಡಿ ನೋಯುವುದಕ್ಕೂ ಎಷ್ಟೋ ಸಲ ಕಾರಣ ಒಂದೇ.

ಇದರಲ್ಲಿ ನೆಲದ ಪಾಲೂ ಉಂಟು. ಟೆರೇಸಿನ ಒರಟು ಸಿಮೆಂಟಿನ ಮೇಲೆ ಬರಿಗಾಲಲ್ಲಿ ಪಾದ ಸಲೀಸಾಗಿ ತಿರುಗುವುದಿಲ್ಲ. ರಬ್ಬರ್ ಅಡಿಯ ಶೂ ಹಾಕಿದರೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಸಿಟೌಟಿನ ಟೈಲ್ಸ್ ಜಾರುತ್ತದೆ. ಒಣಗಿದ ನಯವಾದ ನೆಲ, ಇಲ್ಲವೇ ಕ್ಲಾಸಿನ ಮ್ಯಾಟ್, ಇವೆರಡೇ ಸರಿ.

ಮನೆಯಲ್ಲಿ ಮಾಡಿಸುವುದಾದರೆ ಒಂದು ಕುರ್ಚಿ ಸಾಕು. ಕುರ್ಚಿ ಹಿಡಿದು ಮಗು ನಿಧಾನವಾಗಿ ಮಂಡಿ ಎತ್ತಲಿ, ಪಾದ ತಿರುಗಿಸಲಿ, ಕಾಲು ಚಾಚಲಿ, ಮಡಚಿ ವಾಪಸ್ ತರಲಿ, ಆಮೇಲೆ ಇಳಿಸಲಿ. ಈ ವಾಪಸ್ ತರುವುದನ್ನು ಮಕ್ಕಳು ನುಂಗಿಬಿಡುತ್ತಾರೆ, ಒದ್ದ ಕಾಲು ಅಲ್ಲೇ ದೊಪ್ಪ ಅಂತ ಬೀಳುತ್ತದೆ. ಪಂದ್ಯದಲ್ಲಿ ಎದುರಾಳಿ ಕಾಯುವುದೇ ಅದಕ್ಕೆ. ನಿಧಾನವಾಗಿ ಮಾಡಲು ಬಾರದ ಕಿಕ್ಕನ್ನು ಜೋರಾಗಿ ಮಾಡಿಸಿ ಫಲವಿಲ್ಲ. ಸೊಂಟದ ಎತ್ತರಕ್ಕೆ ಸರಿ ಬಂದ ಮೇಲೆ ತಲೆಯ ಮಾತು.

ವೇಗಕ್ಕೆ ಬೇರೆ ಲೆಕ್ಕ. ನೂರು ಕಿಕ್ ಹೊಡೆಸಿದರೆ ದಮ್ಮು ಬೆಳೆಯಬಹುದು, ವೇಗ ಬೆಳೆಯುವುದಿಲ್ಲ. ದಣಿದ ಕಾಲು ನಿಧಾನವಾಗಿ ಒದೆಯುವುದನ್ನೇ ಕಲಿಯುತ್ತದೆ. ಮೈ ಬೆಚ್ಚಗಾದ ಮೇಲೆ, ಸುಸ್ತಾಗುವ ಮೊದಲು, ಪ್ರತಿ ಕಾಲಿಗೆ ಐದಾರು ಕಿಕ್ ಪೂರ್ತಿ ವೇಗದಲ್ಲಿ. ಆಮೇಲೆ ಒಂದೆರಡು ನಿಮಿಷ ವಿರಾಮ. ಇಂಥ ಮೂರ್ನಾಲ್ಕು ಸುತ್ತು, ಸಾಕು. ಹೊಡೆಯಲು ಪ್ಯಾಡ್ ಇರಲಿ. ಗಾಳಿಗೆ ಪೂರ್ತಿ ಬಲದಲ್ಲಿ ಒದ್ದರೆ ಮಂಡಿ ಝಟ್ ಎಂದು ನೆಟ್ಟಗಾಗಿ ಏಟು ಅದಕ್ಕೇ. ಹಲ್ಲು ಕಚ್ಚಿ, ಭುಜ ಬಿಗಿ ಹಿಡಿದರೂ ವೇಗ ಬರಲ್ಲ. ಮೈ ಸಡಿಲ ಇರಬೇಕು, ಬಿಗಿ ಮಾಡುವುದು ಕಿಕ್ ತಾಗುವ ಗಳಿಗೆಯಲ್ಲಿ ಮಾತ್ರ.

ಕಾಲಿಗೆ ತೂಕ ಕಟ್ಟಿ ಒದೆಯುವುದು ಬೇಡವೇ ಬೇಡ. ಬೀಸುವ ಕಾಲಿನ ತುದಿಯಲ್ಲಿ ಭಾರ ಕೂತರೆ ಅದನ್ನು ತಡೆಯುವ ಕೆಲಸ ಮಂಡಿಯದ್ದು. ಬೆನ್ನು ಅದುಮಿ ಸ್ಪ್ಲಿಟ್ ಮಾಡಿಸುವುದೂ ಹಾಗೆಯೇ. ಬಲವಂತವಾಗಿ ಎಳೆದರೆ ಸ್ನಾಯು ತನ್ನನ್ನು ಉಳಿಸಿಕೊಳ್ಳಲು ಇನ್ನೂ ಬಿಗಿಯುತ್ತದೆ, ಹರಿಯಲೂಬಹುದು. ಕ್ಲಾಸಿನ ಮೊದಲು ಕಾಲು ಬೀಸುವುದು, ಮಂಡಿ ಎತ್ತಿ ನಡೆಯುವುದು, ಹಗುರ ಓಟ. ಒಂದೇ ಭಂಗಿಯಲ್ಲಿ ಹಿಡಿದು ಎಳೆಯುವ ವ್ಯಾಯಾಮ ಕೊನೆಗೆ. ಮೊದಲೇ ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ತಗ್ಗುತ್ತದೆ.

ಹತ್ತರಿಂದ ಹದಿನೈದರ ಪ್ರಾಯದಲ್ಲಿ, ಎತ್ತರ ಸರ್ರನೆ ಏರುವಾಗ, ಮಂಡಿಚಿಪ್ಪಿನ ಕೆಳಗಿನ ಎಲುಬಿನ ಗುಬ್ಬಿಯಲ್ಲಿ ನೋವು, ಊತ ಬರುವುದುಂಟು. ಹಾರುವ, ಓಡುವ, ಒದೆಯುವ ಮಕ್ಕಳಲ್ಲಿ ಇದು ಅಪರೂಪವಲ್ಲ. "ಬೆಲ್ಟ್ ಪರೀಕ್ಷೆ ಮುಗೀಲಿ" ಅಂತ ಮುಲಾಮು ಹಚ್ಚಿ ಕಳಿಸಬೇಡಿ. ಡಾಕ್ಟರಿಗೆ ತೋರಿಸಿ, ಮಾಸ್ಟರಿಗೆ ಹೇಳಿ. ಬೆಲ್ಟ್ ಮುಂದಿನ ಸಲವೂ ಸಿಗುತ್ತದೆ.

ಹೆಣ್ಣುಮಕ್ಕಳ ಉಮ್ಮಂದಿರಿಗೆ ಒಂದು ಮಾತು. ಹನ್ನೆರಡು ಆಗುತ್ತಲೇ "ಇನ್ನು ಸಾಕು" ಅಂತ ಬಿಡಿಸುವುದನ್ನು ನಾವು ಎಷ್ಟೋ ಕಡೆ ನೋಡುತ್ತೇವೆ. ಈಜಿಪ್ಟಿನ ಹಿದಾಯ ಮಲಾಕ್ ಹಿಜಾಬ್ ಧರಿಸಿಯೇ ಟೇಕ್ವಾಂಡೋದಲ್ಲಿ 2016ರ ರಿಯೋ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು, ಟೋಕಿಯೋದಲ್ಲಿ ಇನ್ನೊಂದು. ಅದೇ ರಿಯೋದಲ್ಲಿ ಜೋರ್ಡಾನಿಗೆ ಮೊತ್ತಮೊದಲ ಒಲಿಂಪಿಕ್ ಪದಕ ತಂದದ್ದೂ ಟೇಕ್ವಾಂಡೋವೇ, ಅಹ್ಮದ್ ಅಬೂಗೌಶ್ ಅವರ ಚಿನ್ನ. ಒಲಿಂಪಿಕ್ಸ್ ಎಲ್ಲರಿಗೂ ಅಲ್ಲ, ಗೊತ್ತು. ಆದರೆ ಸಡಿಲ ಅಂಗಿ, ದೊಗಲೆ ಪ್ಯಾಂಟಿನ ಆ ಯೂನಿಫಾರ್ಮಿಗಿಂತ ಅನುಕೂಲದ ಆಟದ ಉಡುಪು ಬೇರೆ ಯಾವುದಿದೆ ಹೇಳಿ.

ನೋಂಬಿನ ತಿಂಗಳಲ್ಲಿ ಜೋರು ಕಿಕ್ಕಿನ ಅಭ್ಯಾಸ ಹಗಲು ಬೇಡ. ಕುರ್ಚಿ ಹಿಡಿದು ಮಾಡುವ ನಿಧಾನದ್ದನ್ನು ಮಗ್ರಿಬ್‌ಗೆ ಮುಂಚೆ ಹತ್ತು ನಿಮಿಷ ಮಾಡಬಹುದು. ವೇಗದ್ದು ನೋಂಬು ತೆರೆದು, ನೀರು ಕುಡಿದು, ತಿಂದದ್ದು ಸ್ವಲ್ಪ ಇಳಿದ ಮೇಲೆ. ಮೊಬೈಲಿನ ಸ್ಲೋ ಮೋಷನಲ್ಲಿ ಪಕ್ಕದಿಂದ ಒಂದು ವಿಡಿಯೋ ತೆಗೆದು ಮಗುವಿಗೇ ತೋರಿಸಿ. ಕ್ಯಾಮರಾದಲ್ಲಿ ನಿಂತ ಪಾದವೂ ಕಾಣುವ ಹಾಗೆ ಹಿಡಿಯಿರಿ.