ಯೀಸ್ಟ್ ರೋಗಕ್ಕೆ ಮದ್ದಿನ ಪರೀಕ್ಷೆ

ಹಸುಗೂಸುಗಳ ನಾಲಗೆಯ ಮೇಲೆ ಕೆಲವೊಮ್ಮೆ ಹಾಲಿನ ಕೆನೆಯಂತಹ ಬಿಳಿಯ ಪೊರೆಯು ಕಟ್ಟುವುದನ್ನು ತಾಯಂದಿರು ಬಲ್ಲರು. ಒರೆಸಿದರೂ ಸುಲಭವಾಗಿ ಹೋಗದ ಈ ಪೊರೆಗೆ ಕ್ಯಾಂಡಿಡಾ ಎಂಬ ಯೀಸ್ಟೇ ಕಾರಣವು. ಬಲಹೀನರ ರಕ್ತವನ್ನು ಸೇರಿದರೆ ಅದು ಪ್ರಾಣಕ್ಕೂ ಎರವಾಗುವುದು.

ನಮ್ಮ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವು. ಆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞರು ಕೂಮರಿನ್ ವರ್ಗದ ಹೊಸ ಸಂಯುಕ್ತಗಳನ್ನು ರಚಿಸಿ, ಕ್ಯಾಂಡಿಡಾದ ಮೇಲೆ ಪರೀಕ್ಷಿಸಿರುವರು.

ಇಂತಹ ಪರೀಕ್ಷೆಯ ಒಂದು ಕ್ರಮವು ಹೀಗಿದೆ: ಗಾಜಿನ ತಟ್ಟೆಯಲ್ಲಿ ಅಗರನ್ನು ಹೆಪ್ಪುಗಟ್ಟಿಸಿ, ಯೀಸ್ಟನ್ನು ಹರಡಿ, ಸಣ್ಣ ಕುಳಿಯಲ್ಲಿ ಸಂಯುಕ್ತವನ್ನು ಹಾಕಿ, ಒಂದೆರಡು ದಿನ ಬೆಚ್ಚಗಿಡುವರು. ಕುಳಿಯ ಸುತ್ತಲೂ ಯೀಸ್ಟು ಬೆಳೆಯದೆ ತಿಳಿಯಾದ ವಲಯವು ಕಂಡರೆ ಗುಣವುಂಟೆಂದು ತಿಳಿಯುವರು. ಫ್ಲೂಕೊನಜೋಲ್ ಮೊದಲಾದ ಪರಿಚಿತ ಔಷಧದೊಡನೆ ಅದನ್ನು ಹೋಲಿಸುವರು.

ಇಷ್ಟರಿಂದಲೇ ಅದು ಔಷಧವಾಗದು. ಯೀಸ್ಟಿನ ಜೀವಕೋಶವು ಬ್ಯಾಕ್ಟೀರಿಯದ್ದಕ್ಕಿಂತ ನಮ್ಮ ಜೀವಕೋಶಕ್ಕೇ ಹೆಚ್ಚು ಹತ್ತಿರವಾದುದು. ಅದನ್ನು ಕೊಲ್ಲುವ ವಿಷವು ನಮಗೂ ತಗಲಬಹುದು. ಆದರೆ ಯೀಸ್ಟಿನ ಕೋಶದ ಪೊರೆಯಲ್ಲಿರುವುದು ಎರ್ಗೊಸ್ಟೆರಾಲ್, ನಮ್ಮದರಲ್ಲಿರುವುದು ಕೊಲೆಸ್ಟೆರಾಲ್. ಫ್ಲೂಕೊನಜೋಲ್ ಈ ಭೇದವನ್ನೇ ಹಿಡಿದು ಎರ್ಗೊಸ್ಟೆರಾಲಿನ ಉತ್ಪತ್ತಿಯನ್ನು ತಡೆಯುವುದು.

ಆದುದರಿಂದ ಹೊಸ ಮದ್ದಿನ ವಾರ್ತೆಯನ್ನು ಓದಿದಾಗ, ಅದು ರೋಗಾಣುವನ್ನು ಕೊಂದಿತೇ ಎಂಬುದರೊಡನೆ ರೋಗಿಯನ್ನು ಕಾಯ್ದೀತೇ ಎಂದೂ ನಾವು ಕೇಳತಕ್ಕದ್ದು.